ಕೆಟ್ಟಾಗ ಯಾರನ್ನು ಕರೆಯಬೇಕು?

ಹಳ್ಳಿಗೆ ಉಪಯೋಗವಾಗುವಂಥದ್ದು ಏನಾದರೂ ಮಾಡಬೇಕು ಎಂದು ಹೊರಟಿರುವ ಮಕ್ಕಳೇ, ನಿಮ್ಮಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷದವರಿದ್ದೀರಿ, ಡಿಪ್ಲೊಮಾ ಓದುತ್ತಿರುವವರಿದ್ದೀರಿ. ಐಟಿಐ ಮುಗಿಸಿ ಹೋಬಳಿ ಬಸ್ ಸ್ಟ್ಯಾಂಡಿನ ಪಕ್ಕ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡವರೂ ಇದ್ದೀರಿ. ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿ ನಿವೃತ್ತನಾದ ಮೇಲೂ ನಾನು ಪ್ರಾಜೆಕ್ಟ್ ಪ್ರದರ್ಶನಗಳಿಗೆ ಹೋಗುವುದನ್ನು ಬಿಟ್ಟಿಲ್ಲ. ಮಣ್ಣಿನ ತೇವ ನೋಡಿಕೊಂಡು ತಾನೇ ನೀರು ಬಿಡುವ ಹನಿ ನೀರಾವರಿ, ಹಸುವಿನ ಕೊರಳಿಗೆ ಕಟ್ಟುವ ಸೆನ್ಸರ್, ಮಳೆಗಾಲದಲ್ಲೂ ಅಡಿಕೆ ಒಣಗಿಸುವ ಸೋಲಾರ್ ಗೂಡು, ಒಂಟಿ ಕೈಯಲ್ಲಿ ನಡೆಸಬಹುದಾದ ಕಳೆ ಯಂತ್ರ. ಒಂದೊಂದನ್ನೂ ಬಗ್ಗಿ ನೋಡುತ್ತೇನೆ. ನಿಮ್ಮ ಕೈಕೆಲಸ ಕಂಡು ಮನಸ್ಸು ತುಂಬುತ್ತದೆ. ನಾವು ಓದುವಾಗ ಇಷ್ಟೆಲ್ಲ ಸಾಮಾನು ಕೈಗೆ ಸಿಗುತ್ತಲೂ ಇರಲಿಲ್ಲ, ಇಷ್ಟು ಧೈರ್ಯವೂ ನಮಗಿರಲಿಲ್ಲ.

ಎಲ್ಲ ವಿವರಿಸಿ ಮುಗಿಸಿದ ಮೇಲೆ ನಾನು ಒಂದು ಪ್ರಶ್ನೆ ಕೇಳುತ್ತೇನೆ. ಇದು ಕೆಟ್ಟರೆ ಊರಿನವರು ಯಾರನ್ನು ಕರೆಯಬೇಕು? ಸೆನ್ಸರಿನ ಬೆಲೆ, ಬ್ಯಾಟರಿಯ ಬಾಳಿಕೆ, ಪ್ರೋಗ್ರಾಮಿನ ಸಾಲು ಎಲ್ಲಕ್ಕೂ ಥಟ್ಟನೆ ಉತ್ತರ ಕೊಟ್ಟ ಹುಡುಗರು ಇಲ್ಲಿ ಸುಮ್ಮನಾಗುತ್ತಾರೆ. ಮಾರ್ಕ್ಸ್ ಕೊಡುವವರು ಈ ಪ್ರಶ್ನೆ ಕೇಳುವುದಿಲ್ಲವಾದ್ದರಿಂದ ನೀವು ಯೋಚಿಸಿರುವುದಿಲ್ಲ. ತಪ್ಪು ನಿಮ್ಮದಲ್ಲ. ಆದರೆ ಹಳ್ಳಿಯಲ್ಲಿ ಒಂದು ಹೊಸ ವಸ್ತು ಉಳಿಯುತ್ತದೋ ಮೂಲೆ ಸೇರುತ್ತದೋ ಎಂಬುದು ಬಹುಮಟ್ಟಿಗೆ ಇದೊಂದರ ಮೇಲೆಯೇ ನಿಂತಿದೆ.

ನಮ್ಮ ಶುದ್ಧ ಕುಡಿಯುವ ನೀರಿನ ಘಟಕಗಳನ್ನೇ ನೋಡಿ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೊಳವೆಬಾವಿ ಆಳಕ್ಕೆ ಹೋದಂತೆಲ್ಲ ನೀರಿನಲ್ಲಿ ಫ್ಲೋರೈಡ್ ಬಂತು. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ, ದೊಡ್ಡವರಿಗೆ ಮಂಡಿ ಬೆನ್ನು ಹಿಡಿತ. ಅಂಥ ಊರಿಗೆ ಆರ್‌ಓ ಘಟಕ ಬಂದಾಗ ಜನ ಸಂತೋಷಪಟ್ಟದ್ದು ಸಹಜ. ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನು ತುಂಬುತ್ತದೆ. ಆದರೆ ಒಳಗಿನ ಪೊರೆಯನ್ನು, ನಾವು ಮೆಂಬ್ರೇನ್ ಎನ್ನುತ್ತೇವಲ್ಲ ಅದನ್ನು, ಕಾಲಕಾಲಕ್ಕೆ ತೊಳೆಯಬೇಕು, ಬದಲಿಸಬೇಕು. ನೀರು ಗಡಸಾದಷ್ಟೂ ಅದು ಬೇಗ ಕಟ್ಟಿಕೊಳ್ಳುತ್ತದೆ. ಪಂಚಾಯಿತಿಗೂ ಗುತ್ತಿಗೆದಾರನಿಗೂ ನಡುವೆ ಆ ಖರ್ಚು ಯಾರದು ಎಂದು ತೀರ್ಮಾನವಾಗದ ಕಡೆಗಳಲ್ಲಿ ಘಟಕಕ್ಕೆ ಬೀಗ ಬಿತ್ತು. ಹೆಂಗಸರು ಮತ್ತೆ ಬೋರ್‌ವೆಲ್ ನೀರಿಗೇ ಮರಳಿದರು. ಯಂತ್ರದ ವಿಜ್ಞಾನದಲ್ಲಿ ದೋಷವೇನೂ ಇರಲಿಲ್ಲ. ನೋಡಿಕೊಳ್ಳುವ ಕೈಯೊಂದನ್ನು ಯಾರೂ ಊರಿನಲ್ಲಿ ತಯಾರು ಮಾಡಿರಲಿಲ್ಲ, ಅಷ್ಟೆ.

ಇನ್ನೊಂದು ಬಗೆಯ ಕತೆಯೂ ನಮ್ಮ ನಾಡಿನಲ್ಲೇ ಇದೆ. ನಿಮ್ಮ ವಯಸ್ಸಿನ ಹೆಚ್ಚಿನವರು ಅದನ್ನು ಕೇಳಿರಲಾರರು. ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಎಂಬ ಪ್ರಾಧ್ಯಾಪಕರಿದ್ದರು. ವಿದ್ಯುತ್ ರಸಾಯನಶಾಸ್ತ್ರದಲ್ಲಿ ಜಗತ್ತಿನ ವಿಶ್ವವಿದ್ಯಾಲಯಗಳು ಪಠ್ಯವಾಗಿ ಬಳಸಿದ ಪುಸ್ತಕ ಬರೆದ ಇಬ್ಬರಲ್ಲಿ ಅವರೊಬ್ಬರು. ಅದೇ ದಾರಿಯಲ್ಲಿ ಹಾಯಾಗಿ ಇರಬಹುದಾಗಿದ್ದ ಮನುಷ್ಯ, 1974ರಲ್ಲಿ ಹಳ್ಳಿಗಳಿಗಾಗಿ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಬಳಸುವ ‘ಅಸ್ತ್ರ’ ಎಂಬ ಕೇಂದ್ರವನ್ನು ಸಂಸ್ಥೆಯೊಳಗೇ ಕಟ್ಟಿದರು. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಕ್ಷೇತ್ರ ಕೇಂದ್ರ ಶುರುವಾಯಿತು. ಹೊಗೆ ಕಡಿಮೆ ಮಾಡಿ ಸೌದೆ ಉಳಿಸುವ ‘ಅಸ್ತ್ರ ಒಲೆ’ ಬಂದದ್ದು ಅಲ್ಲಿಂದಲೇ. ನಿಮ್ಮ ಅಜ್ಜಿಯ ಮನೆಯಲ್ಲಿ ಅದು ಇದ್ದಿರಬಹುದು, ಕೇಳಿ ನೋಡಿ.

ಅದೇ ತಾಲ್ಲೂಕಿನ ಪುರ ಎಂಬ ಸಣ್ಣ ಊರಿನಲ್ಲಿ ಅವರು ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು. ಮೊದಲ ಯೋಚನೆ ಎಲ್ಲ ಮನೆಗಳಿಗೂ ಅಡುಗೆ ಅನಿಲ ಕೊಡುವುದಾಗಿತ್ತು. ಕಾಗದದ ಮೇಲೆ ಅದು ಸರಿಯಾಗಿಯೇ ಕಾಣುತ್ತಿತ್ತು. ಆದರೆ ನಡೆಯಲಿಲ್ಲ. ಎಲ್ಲರ ಅಡುಗೆಗೂ ಸಾಲುವಷ್ಟು ಸಗಣಿ ಊರಲ್ಲಿ ಹುಟ್ಟುತ್ತಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಸೌದೆಗೆ ಯಾರೂ ದುಡ್ಡು ಕೊಡುತ್ತಿರಲಿಲ್ಲ, ಆರಿಸಿ ತರುತ್ತಿದ್ದರು. ಪುಕ್ಕಟೆ ಸಿಗುವುದರ ಬದಲಿಗೆ ಬರುವ ಅನಿಲಕ್ಕಾಗಿ ಕೊಟ್ಟಿಗೆಯ ಸಗಣಿ ಹೊತ್ತು ಕೊಡಲು ಊರಿನವರಿಗೆ ಉತ್ಸಾಹವೇನೂ ಇರಲಿಲ್ಲ.

ಇಲ್ಲಿಗೆ ಬೇರೆಯವರಾಗಿದ್ದರೆ ಹಳ್ಳಿಯವರಿಗೆ ತಿಳಿವಳಿಕೆಯಿಲ್ಲ ಎಂದು ವರದಿ ಬರೆದು ಜೀಪು ಹತ್ತುತ್ತಿದ್ದರು. ರೆಡ್ಡಿಯವರೂ ಜೊತೆಗಾರರೂ ಊರಿನ ಮಾತಿಗೆ ಕಿವಿಗೊಟ್ಟರು. ನಿಮಗೆ ನಿಜವಾಗಿ ಬೇಕಿರುವುದೇನು ಎಂಬ ಪ್ರಶ್ನೆಗೆ ಉತ್ತರ ನೀರು ಎಂದಿತ್ತು. ಮನೆಗೆ ಬೆಳಕೂ ಬೇಕಿತ್ತು. ಹಾಗಾದರೆ ಅನಿಲವನ್ನು ಒಲೆಗೆ ಕೊಡುವ ಬದಲು ಎಂಜಿನ್ನಿಗೆ ಕೊಡೋಣ ಎಂದಾಯಿತು. ಡೀಸೆಲ್ ಜೊತೆಗೆ ಗೋಬರ್ ಗ್ಯಾಸ್ ಸೇರಿಸಿ ಎಂಜಿನ್ ಓಡಿಸಿ, ಅದರಿಂದ ಜನರೇಟರ್ ತಿರುಗಿಸಿ, ಆ ಕರೆಂಟಿನಿಂದ ಬೋರ್‌ವೆಲ್ ನೀರನ್ನು ಎತ್ತಿ ನಲ್ಲಿಗೆ ಬಿಟ್ಟರು. ಸಂಜೆ ಮನೆಗಳಲ್ಲಿ ಟ್ಯೂಬ್‌ಲೈಟ್ ಉರಿಯಿತು. ಇದು 1987ರಲ್ಲಿ. ಸ್ಥಾವರ ನಡೆಸುವ ಕೆಲಸಕ್ಕೆ ಬೆಂಗಳೂರಿನಿಂದ ಯಾರನ್ನೂ ತರಲಿಲ್ಲ. ಊರಿನ ಯುವಕರೇ ತರಬೇತಿ ಪಡೆದು ಎಂಜಿನ್ ನೋಡಿಕೊಂಡರು, ಸಗಣಿ ತೂಗಿ ಬರೆದುಕೊಂಡರು. ಕೊಟ್ಟ ಸಗಣಿಯ ಲೆಕ್ಕಕ್ಕೆ ತಕ್ಕಂತೆ ಬಗ್ಗಡ ಗೊಬ್ಬರವಾಗಿ ಮನೆಗೆ ವಾಪಸು ಹೋಗುತ್ತಿತ್ತು. ತಂದು ಹಾಕಿದವರ ಕೈಗೆ ಒಂದಿಷ್ಟು ಕಾಸೂ ಸೇರುತ್ತಿತ್ತು.

ಅಡುಗೆ ಅನಿಲಕ್ಕೆ ಸಗಣಿ ಕೊಡಲು ಮನಸ್ಸು ಮಾಡದ ಅದೇ ಜನ ನಲ್ಲಿ ನೀರಿಗಾಗಿ ಸಗಣಿ ತಂದರು. ಯಂತ್ರದಲ್ಲಿ ಆದ ಬದಲಾವಣೆ ಅಂಥ ದೊಡ್ಡದಲ್ಲ. ಪ್ರಶ್ನೆ ಕೇಳಿದ ರೀತಿ ಬದಲಾಯಿತು. ಪುರದ ಕತೆ ಓದಿದಾಗಲೆಲ್ಲ ನನ್ನನ್ನು ಹಿಡಿದು ನಿಲ್ಲಿಸುವುದು ಇದೇ ಭಾಗ. ಅಷ್ಟು ದೊಡ್ಡ ವಿಜ್ಞಾನಿಗಳು ತಮ್ಮ ಮೊದಲ ಲೆಕ್ಕವನ್ನು ಊರಿನವರ ಮುಂದೆ ಅಳಿಸಿ ಮತ್ತೆ ಬರೆದರು. ನೀವೂ ಅಷ್ಟು ಮಾಡಲು ಸಿದ್ಧರಿದ್ದರೆ ಮಾತ್ರ ಹಳ್ಳಿಯ ಕೆಲಸಕ್ಕೆ ಕೈ ಹಾಕಿ.

ಇನ್ನೊಂದು ಸಂಗತಿಯೂ ಪುರದಲ್ಲಿ ನಡೆಯಿತು. ಗ್ಯಾರೆಟ್ ಹಾರ್ಡಿನ್ ಎಂಬ ಅಮೆರಿಕದ ಜೀವವಿಜ್ಞಾನಿ 1968ರಲ್ಲಿ ಬರೆದ ಲೇಖನವೊಂದು ತುಂಬ ಹೆಸರಾಗಿತ್ತು. ಗೋಮಾಳ ಎಲ್ಲರದಾದರೆ ಪ್ರತಿಯೊಬ್ಬನೂ ತನ್ನದೊಂದು ದನ ಹೆಚ್ಚಿಗೆ ಬಿಡುತ್ತಾನೆ, ಕೊನೆಗೆ ಗೋಮಾಳವೇ ಹಾಳಾಗುತ್ತದೆ ಎಂಬುದು ಅದರ ವಾದ. ಪುರದಲ್ಲಿ ಕಂಡದ್ದನ್ನು ಮುಂದಿಟ್ಟು ರೆಡ್ಡಿಯವರು ಉತ್ತರ ಬರೆದರು. ಅಲ್ಲಿ ಒಂದು ಮನೆ ಸಗಣಿ ಕೊಡದೆ ಹೋದರೆ ಗ್ಯಾಸು ತಗ್ಗುತ್ತದೆ, ನೀರು ನಿಲ್ಲುತ್ತದೆ, ಆ ಮನೆಯ ನಲ್ಲಿಯೂ ಒಣಗುತ್ತದೆ. ತನ್ನ ಲಾಭವೂ ಊರಿನ ಲಾಭವೂ ಒಂದೇ ಕೊಳವೆಯಲ್ಲಿ ಹರಿಯುವಂತೆ ವ್ಯವಸ್ಥೆ ಮಾಡಿದ್ದರಿಂದ ಊರೊಟ್ಟಿನ ಸ್ವತ್ತು ಹಾಳಾಗಲಿಲ್ಲ. ಸಾಮೂಹಿಕ ಸ್ವತ್ತು ವರವೂ ಆಗಬಹುದು ಎಂದು ಅವರು ತೋರಿಸಿದರು. ಆ ಸ್ಥಾವರ ಈಗ ಇಲ್ಲ. ವರ್ಷಗಟ್ಟಲೆ ನಡೆದು ನಿಂತಿತು. ಆದರೆ ಊರಿನವರೇ ನಡೆಸಿದ ನೀರು ಬೆಳಕಿನ ವ್ಯವಸ್ಥೆಗಳ ಬಗ್ಗೆ ಮಾತು ಬಂದಾಗ ಜಗತ್ತಿನ ಬೇರೆಬೇರೆ ಕಡೆಯ ತಜ್ಞರು ಕುಣಿಗಲ್ ತಾಲ್ಲೂಕಿನ ಈ ಊರಿನ ಹೆಸರು ಹೇಳುತ್ತಾರೆ. ನಮ್ಮ ಮಕ್ಕಳಿಗೇ ಅದು ಗೊತ್ತಿಲ್ಲ ಎಂಬುದು ನನಗೆ ನೋವಿನ ವಿಷಯ.

ಈ ಗೋಮಾಳದ ಮಾತು ನಿಮ್ಮೂರಿನ ಪಂಪ್‌ಸೆಟ್ ಸ್ಟಾರ್ಟರ್‌ಗಳಿಗೂ ಸಂಬಂಧಿಸಿದ್ದು. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟು ದಿನಕ್ಕೆ 7 ಗಂಟೆ ಎಂದು ಲೆಕ್ಕ. ಅದು ಎಷ್ಟೋ ಕಡೆ ರಾತ್ರಿಯೇ ಬರುತ್ತದೆ. ಟಾರ್ಚು ಹಿಡಿದು ಬದುವಿನ ಮೇಲೆ ನಡೆದು ಮೋಟಾರು ಹಾಕಲು ಹೋದವರಿಗೆ ಹಾವು ಕಚ್ಚಿದ್ದು, ಕಾಡಂಚಿನಲ್ಲಿ ಚಿರತೆ ಎದುರಾದದ್ದು ನಿಮಗೆ ನಾನು ಹೇಳಬೇಕಿಲ್ಲ. ಪುಣೆಯ ಸಂತೋಷ್ ಓಸ್ತ್ವಾಲ್ ತನ್ನ ಅಜ್ಜ ಹೊತ್ತಲ್ಲದ ಹೊತ್ತಿನಲ್ಲಿ ಪಂಪಿನ ಕಡೆಗೆ ನಡೆಯುವುದನ್ನು ಚಿಕ್ಕಂದಿನಲ್ಲೇ ಕಂಡವರು. ಆ ಸಂಕಟದಿಂದ ಹುಟ್ಟಿದ್ದು ಅವರ ‘ನ್ಯಾನೋ ಗಣೇಶ್’. ಮೊಬೈಲಿನಿಂದ ಮೋಟಾರು ಹಾಕುವ, ಆರಿಸುವ ಸಾಧನ. ಇವತ್ತು ನಮ್ಮ ಊರುಗಳಲ್ಲೂ ಮೊಬೈಲ್ ಸ್ಟಾರ್ಟರ್ ಸಾಮಾನ್ಯವಾಗಿದೆ. ಎಷ್ಟು ಜೀವ ಉಳಿಸಿರಬಹುದು!

ಆದರೆ ಅದರ ಜೊತೆಗೇ ಬಂದ ಆಟೋ ಸ್ಟಾರ್ಟರ್ ಬೇರೆ ತೊಂದರೆ ತಂದಿತು. ಕರೆಂಟು ಬಂದ ಗಳಿಗೆಯಲ್ಲೇ ಒಂದು ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಮೇಲಿನ ಎಲ್ಲ ಮೋಟಾರುಗಳೂ ಒಮ್ಮೆಗೇ ಏಳುತ್ತವೆ. ಮೋಟಾರು ಏಳುವಾಗ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ ಎಂದು ನೀವು ಎರಡನೇ ವರ್ಷದಲ್ಲೇ ಓದಿದ್ದೀರಿ. ಟಿಸಿ ಸುಡುತ್ತದೆ. ಬೇರೆ ಟಿಸಿ ಬರುವ ತನಕ ಬೆಳೆ ಬಾಡುತ್ತದೆ. ಯಾರೂ ಇಲ್ಲದ ತೋಟದಲ್ಲಿ ನೀರು ಹರಿದು ಚರಂಡಿ ಸೇರುತ್ತದೆ, ಬೋರ್‌ವೆಲ್ ಇನ್ನಷ್ಟು ಆಳಕ್ಕಿಳಿಯುತ್ತದೆ. ಒಬ್ಬೊಬ್ಬ ರೈತನಿಗೂ ಸರಿಯಾದದ್ದು ಸೇರಿ ಊರಿಗೆ ಕಷ್ಟವಾಯಿತು. ಒಂದೇ ಟಿಸಿಯ ಸ್ಟಾರ್ಟರ್‌ಗಳು ಒಂದಾದ ಮೇಲೆ ಒಂದು ಏಳುವಂತೆ ಬೇರೆಬೇರೆ ಸಮಯ ಕಾಯಿಸುವ ಪುಟ್ಟ ಟೈಮರ್ ಕಷ್ಟದ ವಿದ್ಯೆಯೇನಲ್ಲ. ಕಷ್ಟವಿರುವುದು ಆ ಟಿಸಿಯಲ್ಲಿರುವ ರೈತರೆಲ್ಲರನ್ನೂ ಒಂದು ಜಗಲಿಯ ಮೇಲೆ ಕೂರಿಸಿ, ಯಾರ ಮೋಟಾರು ಮೊದಲು, ಯಾರದು ಆಮೇಲೆ ಎಂದು ಒಪ್ಪಿಸುವುದರಲ್ಲಿ. ಯಾರಾದರೂ ಈ ಪ್ರಾಜೆಕ್ಟ್ ಮಾಡಿ ಎಂದು ಹೋದಲ್ಲೆಲ್ಲ ಹೇಳುತ್ತಿದ್ದೇನೆ. ಅಂಥ ಪ್ರಾಜೆಕ್ಟಿನ ಅರ್ಧ ಕೆಲಸ ಜಗಲಿಯ ಮೇಲೆಯೇ ಆಗಬೇಕು. ಅದಕ್ಕೆ ಮಾರ್ಕ್ಸ್ ಕೊಡುವ ಮೇಷ್ಟ್ರುಗಳೂ ಬರಲಿ.

ಹೊರಗಿನವರ ಮೆಚ್ಚುಗೆ ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ ದಕ್ಷಿಣ ಆಫ್ರಿಕಾದ ‘ಪ್ಲೇಪಂಪ್’ ಸಾಕ್ಷಿ. ಮಕ್ಕಳು ಆಡುವ ತಿರುಗಣಿಗೆ ನೀರೆತ್ತುವ ಪಂಪನ್ನು ಜೋಡಿಸಿದ್ದರು. ಮಕ್ಕಳು ಆಡುತ್ತಾರೆ, ಟ್ಯಾಂಕು ತುಂಬುತ್ತದೆ. ಕೇಳಿದವರೆಲ್ಲ ಮರುಳಾದರು. 2000ದಲ್ಲಿ ವಿಶ್ವಬ್ಯಾಂಕಿನ ಪ್ರಶಸ್ತಿ ಬಂತು, 2006ರಲ್ಲಿ ಅಮೆರಿಕದಿಂದ 1.64 ಕೋಟಿ ಡಾಲರ್ ನೆರವಿನ ಘೋಷಣೆಯಾಯಿತು. ಆದರೆ ಮಕ್ಕಳು ದಿನವಿಡೀ ಆಡುವುದಿಲ್ಲ. ಕೊನೆಗೆ ಆ ತಿರುಗಣಿಯನ್ನು ಬಗ್ಗಿ ಬಗ್ಗಿ ತಿರುಗಿಸುವ ಕೆಲಸ ಹೆಂಗಸರ ಪಾಲಿಗೆ ಬಂತು, ವಯಸ್ಸಾದವರ ಪಾಲಿಗೂ. ಮೊದಲಿದ್ದ ಕೈಪಂಪೇ ವಾಸಿಯಿತ್ತು ಎಂದರು ಅವರು. ಕೆಟ್ಟರೆ ರಿಪೇರಿಗೆ ದೂರದ ಕಂಪನಿಯವರೇ ಬರಬೇಕು. ಗಾರ್ಡಿಯನ್ ಪತ್ರಿಕೆ 2009ರಲ್ಲಿ ಲೆಕ್ಕ ಹಾಕಿತು: ಹೇಳಿಕೊಂಡಷ್ಟು ಜನರಿಗೆ ನೀರು ಸಾಲಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕು. ವೇದಿಕೆಯಲ್ಲಿ ಚಪ್ಪಾಳೆ ತಟ್ಟಿದವರಲ್ಲಿ ಒಬ್ಬರಾದರೂ ಬಿಂದಿಗೆ ಹಿಡಿದು ಕಾಯುವ ಹೆಂಗಸಿನ ಪಕ್ಕ ಒಂದು ಬೆಳಗ್ಗೆ ನಿಂತಿದ್ದರೆ ಈ ಭಾಗಾಕಾರ ಅಲ್ಲೇ ಮುಗಿಯುತ್ತಿತ್ತು.

ಹೆಣ್ಣುಮಕ್ಕಳನ್ನು ಕೇಳಿ ಎಂದು ನಾನು ಪದೇಪದೇ ಹೇಳುವುದು ಇದಕ್ಕೇ. ಊರಿಗೆ ಹೋದಾಗ ನಿಮ್ಮನ್ನು ಕೂರಿಸಿ ಮಾತನಾಡಿಸುವವರು ಗಂಡಸರು. ನೀರು ತರುವವರು, ಸೌದೆ ಒಡೆಯುವವರು, ಹಾಲು ಕರೆದು ಡೇರಿಗೆ ಹಾಕುವವರು, ಕಳೆ ಕೀಳುವವರು ಆ ಮಾತಿನಲ್ಲಿ ಇರುವುದಿಲ್ಲ. ಒಲೆಯ ವಿಷಯ ತಿಳಿಯಬೇಕಾದರೆ ಅಡುಗೆಮನೆಯ ಹೊಸ್ತಿಲ ಬಳಿ ಕೂರಬೇಕು. ನಿಮ್ಮ ತಂಡದಲ್ಲಿ ಹುಡುಗಿಯರಿದ್ದರೆ ಈ ಕೆಲಸದಲ್ಲಿ ಅವರೇ ಮುಂದಿರಲಿ. ವರದಿ ಟೈಪ್ ಮಾಡುವುದಕ್ಕೆ, ವೇದಿಕೆಯಲ್ಲಿ ನಿರೂಪಣೆ ಮಾಡುವುದಕ್ಕೆ ಮಾತ್ರ ಅವರನ್ನು ಮೀಸಲಿಡುವ ಕೆಟ್ಟ ಅಭ್ಯಾಸ ನಮ್ಮ ಕಾಲೇಜುಗಳಲ್ಲಿ ಇನ್ನೂ ಇದೆ. ಬಿಡಿ ಅದನ್ನು.

ಕೇಳಿಸಿಕೊಂಡು ಗೆದ್ದವರೂ ಇದ್ದಾರೆ. 2007ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳ ಒಂದು ತಂಡಕ್ಕೆ ತರಗತಿಯ ಕೆಲಸವಾಗಿ ಕಡಿಮೆ ಬೆಲೆಯ ಇನ್‌ಕ್ಯುಬೇಟರ್ ಮಾಡಿ ಎಂದು ಹೇಳಿದ್ದರು. ಅವರು ನೇಪಾಳಕ್ಕೆ ಹೋಗಿ ನೋಡಿದರೆ ದಾನವಾಗಿ ಬಂದ ಇನ್‌ಕ್ಯುಬೇಟರುಗಳು ಆಸ್ಪತ್ರೆಯಲ್ಲಿ ಖಾಲಿ ಇದ್ದವು. ದಿನ ತುಂಬದೆ ಹುಟ್ಟಿದ ಕೂಸುಗಳು ಹಳ್ಳಿಯಿಂದ ಆಸ್ಪತ್ರೆ ತಲುಪುತ್ತಲೇ ಇರಲಿಲ್ಲ. ಹೀಗಾಗಿ ಕೂಸನ್ನು ಮಲಗಿಸುವ, 37 ಡಿಗ್ರಿಯಲ್ಲಿ ಕರಗುವ ಮೇಣದ ಪೊಟ್ಟಣವಿರುವ ಚೀಲವನ್ನು ಮಾಡಿದರು. ಅದೇ ‘ಎಂಬ್ರೇಸ್’. ತಂಡ ಬೆಂಗಳೂರಿಗೆ ಬಂದು ನೆಲೆಸಿ ಕೆಲಸ ಮುಂದುವರಿಸಿತು. ಹಳ್ಳಿಯ ತಾಯಂದಿರ ಜೊತೆ ಮಾತಾಡುವಾಗ ಇನ್ನೊಂದು ವಿಷಯ ಗೊತ್ತಾಯಿತು. ಇಂಗ್ಲಿಷ್ ಔಷಧಿ ಜಾಸ್ತಿ ಖಾರ ಎಂದು ಹೇಳಿದ್ದರಲ್ಲಿ ಅರ್ಧ ಮಾತ್ರ ಕೊಡುವ ಅಮ್ಮ, ಚೀಲವನ್ನೂ ಹೇಳಿದಷ್ಟು ಬಿಸಿ ಮಾಡದೆ ಕಡಿಮೆ ಮಾಡಬಹುದು. ಹಾಗಾಗಿ ಉಷ್ಣತೆಯ ಅಂಕಿಗಳನ್ನೇ ತೆಗೆದು, ಸರಿಯಾಗಿದೆ, ಸರಿಯಾಗಿಲ್ಲ ಎಂಬ ಎರಡೇ ಗುರುತು ಇಟ್ಟರು. ಆ ತಾಯಿಯನ್ನು ಅವರು ದಡ್ಡಿ ಎನ್ನಲಿಲ್ಲ. ಅವಳ ಎಚ್ಚರಿಕೆಯನ್ನು ಅರ್ಥ ಮಾಡಿಕೊಂಡು ತಮ್ಮ ವಸ್ತುವನ್ನು ತಿದ್ದಿಕೊಂಡರು.

ಹಣದ ಮಾತಿಗೆ ಬರೋಣ. ಹಳ್ಳಿಯವರಿಗೆ ಪುಕ್ಕಟೆ ಕೊಡಬೇಕು ಎಂದು ನಿಮಗೆ ಅನಿಸುತ್ತದೆ. ಒಳ್ಳೆಯ ಮನಸ್ಸೇ. ಆದರೂ ಆತುರ ಬೇಡ. 1995ರಲ್ಲಿ ಹರೀಶ್ ಹಂದೆ ಬೆಂಗಳೂರಿನಲ್ಲಿ ‘ಸೆಲ್ಕೊ’ ಶುರು ಮಾಡಿದಾಗ ಅವರಿಗೆ ಮೂವತ್ತು ತುಂಬಿರಲಿಲ್ಲ. ಬಡವರಿಗೆ ಸೋಲಾರ್ ಕೊಳ್ಳಲಾಗದು, ಕೊಂಡರೂ ನೋಡಿಕೊಳ್ಳಲಾಗದು ಎಂದು ಎಲ್ಲರೂ ಹೇಳುತ್ತಿದ್ದ ಕಾಲ ಅದು. ಬೀದಿ ವ್ಯಾಪಾರಿಯೊಬ್ಬರು ತಿಂಗಳಿಗೆ 300 ರೂಪಾಯಿ ಎಂದರೆ ನನ್ನ ಕೈಲಾಗದು, ದಿನಕ್ಕೆ 10 ಎಂದರೆ ಆದೀತು ಎಂದದ್ದನ್ನು ಹಂದೆ ಹಲವು ಕಡೆ ನೆನಪಿಸಿಕೊಂಡಿದ್ದಾರೆ. ಗಣಿತದಲ್ಲಿ ಎರಡೂ ಒಂದೇ. ದಿನಾ ದುಡಿದು ದಿನಾ ತಿನ್ನುವವರ ಜೀವನದಲ್ಲಿ ಒಂದೇ ಅಲ್ಲ. ಗ್ರಾಮೀಣ ಬ್ಯಾಂಕಿನ ಮ್ಯಾನೇಜರುಗಳ ಎದುರು ಕೂತು, ಸೋಲಾರ್ ದೀಪಕ್ಕೂ ಸಾಲ ಕೊಡಬಹುದು, ಅವರವರ ದುಡಿಮೆಗೆ ಹೊಂದುವಂತೆ ಕಂತು ಮಾಡಬಹುದು ಎಂದು ಒಪ್ಪಿಸುವುದು ಆ ಕಂಪನಿಯ ನಿಜವಾದ ಕೆಲಸವಾಯಿತು. ಗಿರಾಕಿಗಳ ಹತ್ತಿರದ ಊರುಗಳಲ್ಲೇ ಶಾಖೆ ತೆರೆದು, ಅಲ್ಲೇ ತಂತ್ರಜ್ಞರನ್ನು ಇಟ್ಟರು. ದೀಪ ಆರಿದರೆ ಯಾರನ್ನು ಕರೆಯಬೇಕೆಂದು ಆ ಮನೆಗೆ ಗೊತ್ತಿತ್ತು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ದುಡ್ಡು ಕೊಟ್ಟು ಕೊಂಡವರು ಕೆಟ್ಟಾಗ ಜಗಳವಾಡಲು ಬರುತ್ತಾರೆ. ಆ ಜಗಳವನ್ನು ನೀವು ಪ್ರೀತಿಸಬೇಕು. ಪುಕ್ಕಟೆ ಬಂದದ್ದು ಕೆಟ್ಟರೆ ಜನ ಸುಮ್ಮನೆ ಕೊಟ್ಟಿಗೆಯ ಅಟ್ಟಕ್ಕೆ ಹಾಕುತ್ತಾರೆ, ನಿಮಗೆ ಸುದ್ದಿಯೂ ಬರುವುದಿಲ್ಲ. ತೀರಾ ಇಲ್ಲದವರಿಗೆ ಊರು, ಸಂಘ, ಪಂಚಾಯಿತಿ ಕೈಜೋಡಿಸಲಿ. ಸ್ವಸಹಾಯ ಸಂಘದಲ್ಲಿ ವಾರದ ಉಳಿತಾಯ ಮಾಡುವ ಹೆಂಗಸರು ಸಾಲ, ಕಂತು, ಬಡ್ಡಿಯ ಲೆಕ್ಕವನ್ನು ನಿಮಗಿಂತ ಚೆನ್ನಾಗಿ ಬಲ್ಲರು. ಮೊದಲು ಅವರ ಹತ್ತಿರ ಹೋಗಿ.

ಊರಿನಲ್ಲೇ ಇರುವ, ಕಾಲೇಜಿನ ಮೆಟ್ಟಿಲು ಹತ್ತದ ಹುಡುಗರೇ, ಈಗ ನಿಮ್ಮ ಜೊತೆ ಮಾತು. ಇಂಥ ಕೆಲಸ ಓದಿದವರದ್ದು ಎಂದು ದೂರ ನಿಲ್ಲಬೇಡಿ. ಆಫ್ರಿಕಾದ ಮಲಾವಿ ದೇಶದಲ್ಲಿ 2001–02ರಲ್ಲಿ ಘೋರ ಬರ ಬಿತ್ತು. ಕಸುಂಗು ಜಿಲ್ಲೆಯ ರೈತರೊಬ್ಬರ ಮಗ ವಿಲಿಯಂ ಕಂಕ್ವಾಂಬಾ ಫೀಜು ಕಟ್ಟಲಾಗದೆ ಶಾಲೆ ಬಿಟ್ಟ. ವಯಸ್ಸು 14. ಊರಿನ ಶಾಲೆಯಲ್ಲಿ ಸಣ್ಣದೊಂದು ಗ್ರಂಥಾಲಯವಿತ್ತು. ಅಲ್ಲಿ ಸಿಕ್ಕಿದ ಶಕ್ತಿಯ ಕುರಿತ ಪುಸ್ತಕದಲ್ಲಿ ಗಾಳಿಯಂತ್ರದ ಚಿತ್ರ ಕಂಡ. ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ, ಚಿತ್ರ ನೋಡಿ ಪದ ಹುಡುಕಿ ಅರ್ಥ ಮಾಡಿಕೊಂಡ. ಗುಜರಿಯಿಂದ ಟ್ರ್ಯಾಕ್ಟರಿನ ಫ್ಯಾನು, ಹಳೆಯ ಸೈಕಲ್ ಫ್ರೇಮು, ಬೆಂಕಿಗೆ ಹಿಡಿದು ಚಪ್ಪಟೆ ಮಾಡಿದ ಪಿವಿಸಿ ಪೈಪು, ನೀಲಗಿರಿ ಮರದ ಗೋಪುರ. ಬಲ್ಬು ಹತ್ತಿತು. ಅಲ್ಲಿಯವರೆಗೆ ಹುಚ್ಚ ಎಂದವರು ಮೊಬೈಲ್ ಚಾರ್ಜ್ ಮಾಡಿಸಲು ಸಾಲು ನಿಂತರು.

ಆ ಕತೆ ಹೇಳುವವರು ಒಬ್ಬ ಹುಡುಗನ ಸಾಹಸ ಎಂದು ಹೇಳಿ ಮುಗಿಸುತ್ತಾರೆ. ಆದರೆ ಸೈಕಲ್ ಡೈನಮೋ ಕೊಳ್ಳಲು ದುಡ್ಡು ಕೊಟ್ಟದ್ದು ಅವನ ಗೆಳೆಯ ಗಿಲ್ಬರ್ಟ್, ಊರಿನ ಮುಖ್ಯಸ್ಥರ ಮಗ. ಗೋಪುರ ಎತ್ತಲು ದೊಡ್ಡಪ್ಪನ ಮಗ ಜೆಫ್ರಿ ಇದ್ದ. ಗ್ರಂಥಾಲಯದ ಬಾಗಿಲು ತೆರೆದಿತ್ತು. ತಂತಿಗಳು ತಾಗಿ ಮನೆಗೆ ಬೆಂಕಿ ಹತ್ತುವ ಭಯವಾದಾಗ ಅಯಸ್ಕಾಂತ, ಮೊಳೆ, ತಂತಿ ಸುರುಳಿ ಸೇರಿಸಿ ತಾನೇ ಸರ್ಕ್ಯೂಟ್ ಬ್ರೇಕರ್ ಮಾಡಿಕೊಂಡದ್ದು ನನಗೆ ಗಾಳಿಯಂತ್ರಕ್ಕಿಂತ ದೊಡ್ಡದಾಗಿ ಕಾಣುತ್ತದೆ. ತಾನು ಮಾಡಿದ್ದರ ಅಪಾಯವನ್ನು ತಾನೇ ನೋಡಿಕೊಂಡ. ಕೆಟ್ಟಾಗ ಕರೆಯಬೇಕಾದವನು ಆ ಮನೆಯಲ್ಲೇ ಇದ್ದ.

ನಮ್ಮ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ನಿಮ್ಮೂರಿನದು ತೆರೆದಿದೆಯೇ, ಒಳಗೆ ಏನಿದೆ ಎಂದು ಹೋಗಿ ನೋಡಿದ್ದೀರಾ? ಕಂಪ್ಯೂಟರ್ ಇದ್ದರೆ ಹಳೆಯ ಮೋಟಾರಿನ ನಕ್ಷೆ ಅಲ್ಲೇ ನೋಡಬಹುದು. ಪರೀಕ್ಷೆಯ ಪುಸ್ತಕ ಮಾತ್ರ ಇದ್ದರೆ ಕೃಷಿ ಯಂತ್ರಗಳ, ವಿದ್ಯುತ್ತಿನ, ನೀರಿನ ಕನ್ನಡ ಪುಸ್ತಕ ತರಿಸಿ ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಕೇಳುವುದು ನಿಮ್ಮ ಹಕ್ಕು.

ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರ ಹೆಸರನ್ನೂ ಹೇಳಲೇಬೇಕು. ಅವರು ರೈತರು. ಹುಣಸೆ ಬೆಳೆದರು, ಹಣ್ಣಿನಿಂದ ಬೀಜ ಬಿಡಿಸುವುದು ಎಂಥ ಕಷ್ಟ ಎಂದು ಕೈಯಾರೆ ಕಂಡರು, ಅದಕ್ಕೆ ಯಂತ್ರ ಮಾಡಿದರು. ಆಮೇಲೆ ಬೀಜ ಗೊಬ್ಬರ ಒಟ್ಟಿಗೆ ಬಿತ್ತುವ ಕೂರಿಗೆ, ಕಬ್ಬು ನಾಟಿಯ ಯಂತ್ರ, ನೀರು ಕಾಯಿಸುವ ಬಾಯ್ಲರ್ ಬಂದವು. ಸಾಲದ ದಿನಗಳಲ್ಲೂ ಕೈ ಬಿಡಲಿಲ್ಲ. 2022ರಲ್ಲಿ ಪದ್ಮಶ್ರೀ ಬರುವ ಹೊತ್ತಿಗೆ ಅವರಿಗೆ ಎಪ್ಪತ್ತರ ಹತ್ತಿರದ ವಯಸ್ಸು. ನೀವು ಒಂದು ಸೆಮಿಸ್ಟರಿನಲ್ಲಿ ಮುಗಿಸಬೇಕೆನ್ನುವ ಕೆಲಸಕ್ಕೆ ಅವರು ಇಡೀ ಆಯುಸ್ಸು ಕೊಟ್ಟರು. ಕೂರಿಗೆ ಮುರಿದರೆ ಬೆಸೆಯಬಲ್ಲ ವೆಲ್ಡಿಂಗ್ ಅಂಗಡಿ ಎಲ್ಲ ಹೋಬಳಿಯಲ್ಲೂ ಇದೆ. ಹಾಗಾಗಿ ಏನಾದರೂ ವಿನ್ಯಾಸ ಮಾಡುವಾಗ ಆ ಅಂಗಡಿಯವನನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಅವನ ಹತ್ತಿರ ಇರುವ ಬೋಲ್ಟು, ಬೇರಿಂಗು, ಬೆಲ್ಟಿನ ಅಳತೆಗೇ ನಿಮ್ಮ ಯಂತ್ರ ಹೊಂದಲಿ. ಆನ್‌ಲೈನಿನಲ್ಲಿ ತರಿಸಬೇಕಾದ ಭಾಗ ಕಡಿಮೆಯಾದಷ್ಟೂ ಒಳ್ಳೆಯದು. ಅವನನ್ನೇ ನಿಮ್ಮ ತಂಡದ ಸದಸ್ಯನಾಗಿ ಸೇರಿಸಿಕೊಳ್ಳಿ ಎನ್ನುತ್ತೇನೆ ನಾನು. ವರದಿಯ ಮೊದಲ ಪುಟದಲ್ಲಿ ಗೈಡ್ ಹೆಸರಿನ ಕೆಳಗೆ ಅವನ ಹೆಸರೂ ಇರಲಿ.

ತಂದೆತಾಯಿಗಳಿಗೂ ಒಂದು ಮಾತು. ಮಗ ಅಥವಾ ಮಗಳು ಬೆಂಗಳೂರಿನ ಕೆಲಸ ಬಿಟ್ಟು ಒಂದೆರಡು ವರ್ಷ ಊರಿನ ಕೆಲಸ ಮಾಡುತ್ತೇನೆಂದರೆ ಮನೆಯಲ್ಲಿ ದಿಗಿಲು ಹುಟ್ಟುತ್ತದೆ. ಸಾಲ ಮಾಡಿ ಓದಿಸಿದವರ ಆತಂಕ ನನಗೆ ಅರ್ಥವಾಗುತ್ತದೆ. ಮಕ್ಕಳೇ, ಅದನ್ನು ನೀವೂ ಅರ್ಥ ಮಾಡಿಕೊಳ್ಳಿ. ಎಲ್ಲರೂ ಕೆಲಸ ಬಿಡಬೇಕಿಲ್ಲ. ಸಂಬಳದ ಕೆಲಸದಲ್ಲಿದ್ದುಕೊಂಡೇ ಒಂದು ಊರಿನ ಒಂದು ಯಂತ್ರದ ಹೊಣೆ ಹೊರಬಹುದು, ತಿಂಗಳಿಗೊಮ್ಮೆ ಹೋಗಿ ನೋಡಿಬರಬಹುದು. ಪೂರ್ತಿ ಇಳಿಯುವವರು ಮನೆಯವರ ಜೊತೆ ಕೂತು, ಎಷ್ಟು ದಿನ, ಎಷ್ಟು ಖರ್ಚು ಎಂದು ಬಿಡಿಸಿ ಹೇಳಿ ಇಳಿಯಿರಿ. ಸಿಟ್ಟು ಮಾಡಿಕೊಂಡು ಹೊರಟವರು ಬಹಳ ದೂರ ಹೋಗುವುದಿಲ್ಲ.

ನೆರವು ಎಲ್ಲಿದೆ ಎಂದು ಕೇಳುವವರಿಗೆ: ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದಲೂ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಹಣ ಕೊಡುತ್ತ ಬಂದಿದೆ. ಮೊತ್ತ ದೊಡ್ಡದಲ್ಲ, ಆದರೆ ಒಂದು ಒಳ್ಳೆಯ ಮಾದರಿಗೆ ಸಾಕು. ಅರ್ಜಿ ಬರೆಯುವಾಗ ಒಂದು ಪುಟವನ್ನು ರಿಪೇರಿಗೆ ಮೀಸಲಿಡಿ. ಯಾವ ಭಾಗ ಮೊದಲು ಕೆಡಬಹುದು, ಅದು ಯಾವ ಅಂಗಡಿಯಲ್ಲಿ ಸಿಗುತ್ತದೆ, ಬದಲಿಸುವವರು ಯಾರು, ಅವರಿಗೆ ಕೂಲಿ ಯಾರು ಕೊಡುತ್ತಾರೆ ಎಂದು ಅಲ್ಲಿ ಬರೆಯಿರಿ. ಆ ಪುಟ ತುಂಬಲು ಆಗದಿದ್ದರೆ ವಿಷಯವನ್ನೇ ಬದಲಿಸಿ.

ಈ ಬಾರಿಯ ವಿಷಯ ಆರಿಸುವ ಮುನ್ನ ಒಂದು ಊರಿಗೆ ಹೋಗಿ ಕೆಲವು ದಿನ ಅಲ್ಲೇ ಇರಿ. ಬೇಸಿಗೆಯಲ್ಲಿ ಹೋದರೆ ನೀರಿನ ಪಾಡು ಗೊತ್ತಾಗುತ್ತದೆ, ಮಳೆಗಾಲದಲ್ಲಿ ರಸ್ತೆಯ ಪಾಡು. ಮಾಡೆಲ್ ಕೊಟ್ಟು ಬಂದ ಮೇಲೆ ಮುಂದಿನ ವರ್ಷವೂ ಹೋಗಿ, ಅದರ ಮುಂದಿನ ವರ್ಷವೂ. ನೀವು ಪಾಸಾಗಿ ಹೊರಟರೆ ಜೂನಿಯರ್‌ಗಳ ಕೈಗೆ ಆ ಊರನ್ನು ಒಪ್ಪಿಸಿ, ಯಾರ ಮನೆಯಲ್ಲಿ ಯಾರನ್ನು ಕೇಳಬೇಕೆಂದು ಹೇಳಿಕೊಡಿ. ಹೊರಡುವ ಮೊದಲು ಊರಿನ ಒಬ್ಬ ಹುಡುಗನಿಗೋ ಹುಡುಗಿಗೋ ಯಂತ್ರವನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸುವುದನ್ನು ಕಲಿಸಿ, ನಿಮ್ಮೆದುರಿಗೇ ಮಾಡಿಸಿ ನೋಡಿ. ಅವರ ಹೆಸರನ್ನೂ ಫೋನ್ ನಂಬರನ್ನೂ ಯಂತ್ರದ ಮೇಲೆ ಅಳಿಸದ ಬಣ್ಣದಲ್ಲಿ, ಕನ್ನಡದಲ್ಲಿ, ದೊಡ್ಡದಾಗಿ ಬರೆಯಿರಿ.